ಎಲ್ಲರಿಗೂ ತೆರೆದ ನ್ಯಾಯಪತ್ರಿಕೆ



ಕಾನೂನು ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಶಾಲೆಗೆ ಬಂದಾಗ ‘ಜರ್ಮನ್ ಲಾ ಜರ್ನಲ್’ ಎಂಬ ಪತ್ರಿಕೆಯನ್ನು ಗಣಕಯಂತ್ರದಲ್ಲಿ ತೆರೆದು ತೋರಿಸಿದಳು. ಅದು ಚಂದಾ ಕೇಳಲಿಲ್ಲ. 2000ದಲ್ಲಿ ಆರಂಭವಾದ ಈ ಪತ್ರಿಕೆ ಜರ್ಮನಿಯ ಹಾಗೂ ಯೂರೋಪಿನ ನ್ಯಾಯವಿಚಾರಗಳನ್ನು ಇಂಗ್ಲಿಷಿನಲ್ಲಿ ಜಗತ್ತಿಗೆ ತಲುಪಿಸುತ್ತ ಬಂದಿದೆ. ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸುತ್ತಿದ್ದರೂ ಓದುಗರಿಗೆ ಅದು ಉಚಿತವೇ.

ಉಚಿತವೆಂದರೆ ವೆಚ್ಚವಿಲ್ಲವೆಂದಲ್ಲ. ಬಂದ ಲೇಖನವನ್ನು ವಿಷಯಜ್ಞರಿಗೆ ಕಳುಹಿಸಬೇಕು, ಅವರ ಆಕ್ಷೇಪಗಳನ್ನು ಲೇಖಕರಿಗೆ ಮುಟ್ಟಿಸಬೇಕು, ಉಲ್ಲೇಖಿತ ತೀರ್ಪುಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಶಾಲಾ ಸಂಚಿಕೆಯ ಕರಡು ತಿದ್ದಿದವರಿಗೆ ಈ ಕಷ್ಟ ತಿಳಿಯದ್ದೇನಲ್ಲ. ಕೆಲವು ಪತ್ರಿಕೆಗಳು ಈ ವೆಚ್ಚವನ್ನು ಲೇಖಕರಿಂದಲೇ ವಸೂಲು ಮಾಡುತ್ತವೆ. ಆಗ ಬಡ ವಿದ್ವಾಂಸರಿಗೆ ಓದಲು ಅಡ್ಡಿಯಿಲ್ಲ, ಬರೆಯಲು ಅಡ್ಡಿ. ಇದು ನಮಗೆ ಒಪ್ಪಿಗೆಯಾಗದು.

ಯೂರೋಪಿನ ಕಾನೂನು ಕಾಸರಗೋಡಿನ ಕನ್ನಡ ಶಾಲೆಗೇಕೆ? ಬೆಲ್ಜಿಯಮಿನ ಡಚ್ ಪ್ರದೇಶದಲ್ಲಿದ್ದ ಫ್ರೆಂಚ್ ಭಾಷಿಕ ಪಾಲಕರು ತಮ್ಮ ಮಕ್ಕಳಿಗೆ ಫ್ರೆಂಚ್ ಶಿಕ್ಷಣ ಬೇಕೆಂದು ಹೂಡಿದ್ದ ಮೊಕದ್ದಮೆಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1968ರಲ್ಲಿ ತೀರ್ಪಿತ್ತಿತು. ಬಹುಮಟ್ಟಿಗೆ ಅವರು ಸೋತರು. ಬ್ರಸೆಲ್ಸಿನ ಸುತ್ತಲ ಆರು ಊರುಗಳ ಫ್ರೆಂಚ್ ಶಾಲೆಗಳಿಗೆ, ಪಾಲಕರ ವಾಸಸ್ಥಳ ನೋಡಿ ಮಕ್ಕಳನ್ನು ಹೊರಗಿಟ್ಟ ನಿಯಮವೊಂದೇ ತಾರತಮ್ಯವೆನಿಸಿತು. ನಮ್ಮ ಸಂವಿಧಾನದ 350ಎ ವಿಧಿಯಾದರೋ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸತಕ್ಕದ್ದು ಎನ್ನುತ್ತದೆ.

ಎರಡನ್ನೂ ಅಕ್ಕಪಕ್ಕ ಇರಿಸಿ ಆ ಹುಡುಗಿ ಲೇಖನವೊಂದನ್ನು ಬರೆಯುತ್ತಿದ್ದಾಳೆ. ಮೊದಲ ಕರಡನ್ನು ನಮಗೆ ತೋರಿಸಿದಳು, ಅದು ಕನ್ನಡದಲ್ಲಿತ್ತು.