ಕೊಂದರೆ ಸಾಲದು, ಕಳಿಸುವವ ಯಾರೆಂದು ನೋಡಿ

(ಕುಂಬಳೆಯಲ್ಲಿ ಯುವಜನರ ಕಂಪ್ಯೂಟರ್ ತರಬೇತಿಯಲ್ಲಿ ಆಡಿದ ಮಾತಿನ ಬರಹರೂಪ)



ಇಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ನಿಮಗೆ ಲಿನಕ್ಸ್ ಹೊಸತಲ್ಲ, ಶಾಲೆಯ ಐಟಿ ಪಾಠದಲ್ಲೇ ಕಂಡಿದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇವೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೇ ನಮ್ಮ ಸರ್ವರ್ ಮಲಗಿತಲ್ಲ, ಅದು ಯಾಕೆ ಅಂತ ಇವತ್ತು ಹೇಳಬೇಕು.

ನಮ್ಮದು ನಾಲ್ಕು ಕೋರಿನ ಒಂದು ಹಳೇ ಕಂಪ್ಯೂಟರ್. ಹಳೇ ಪ್ರಶ್ನೆಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಹಾಕುತ್ತೇವೆ. ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶ ಆ ಚಿತ್ರದಲ್ಲಿರುವ ಕನ್ನಡ ಅಕ್ಷರಗಳನ್ನು ಓದಿ, ಮಕ್ಕಳಿಗೆ ಹುಡುಕಲು ಬರುವಂತೆ ಮಾಡುತ್ತದೆ. 5 ನಿಮಿಷಕ್ಕೊಮ್ಮೆ ಈ ಕೆಲಸ ಶುರು ಮಾಡುವುದು ಕ್ರಾನ್. ದಿನಕ್ಕೆ ಹತ್ತು ಪುಟ ಬರುವಾಗ ಎಂತದೂ ತೊಂದರೆ ಇರಲಿಲ್ಲ. ಒಂದು ಸಂಜೆ ನಾವೇ ಮುನ್ನೂರು ಪುಟ ಒಟ್ಟಿಗೆ ತುಂಬಿಸಿದೆವು. ಬೆಳಿಗ್ಗೆ ಮಕ್ಕಳ ಫೋನು: “ಅಣ್ಣಾ, ಓಪನ್ನೇ ಆಗ್ತಾ ಇಲ್ಲ.”

ರೀಸ್ಟಾರ್ಟ್ ಮಾಡಿದೆವು. ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ಕತೆ. ಒಂದೇ ಹೆಸರಿನ ಪ್ರೋಸೆಸ್‌ಗಳು ಸಾಲಾಗಿ ಓಡುತ್ತಿದ್ದವು. ಎಲ್ಲವನ್ನೂ ಕೊಂದೆವು. ಪುನಃ ಬಂದವು ಮಾರಾಯ್ರೆ!

ಪಾರ್ತಿಸುಬ್ಬನ ಊರಿನವರಿಗೆ ಆಟದ ಉದಾಹರಣೆಯೇ ಸಾಕು. ರಂಗದಲ್ಲಿ ಹನುಮಂತ ಕುಣಿಯುತ್ತಿದ್ದಾನೆ. ಅವನು ಒಳಗೆ ಬಂದನೋ ಇಲ್ಲವೋ ನೋಡದೆ, ಗಡಿಯಾರ ಮಾತ್ರ ನೋಡಿ ಚೌಕಿಯಿಂದ 5 ನಿಮಿಷಕ್ಕೊಬ್ಬ ಹನುಮಂತನನ್ನು ಕಳಿಸಿದರೆ ಹೇಗಿದ್ದೀತು? ಕ್ರಾನ್ ಮಾಡುವುದು ಅದನ್ನೇ. ಹಿಂದಿನದು ಮುಗಿದಿದೆಯಾ ಅಂತ ಅದು ಕೇಳುವುದಿಲ್ಲ. ಎರಡನೆಯದು ಬಂದು ಅದೇ ಪುಟಗಳನ್ನು ಹಿಡಿಯುತ್ತದೆ, ಎರಡೂ ನಿಧಾನವಾಗುತ್ತವೆ, ಅಷ್ಟರಲ್ಲಿ ಮೂರನೆಯದು ಹಾಜರು. ರ‍್ಯಾಮ್ ತುಂಬಿದ ಮೇಲೆ ಯಾರಿಗೂ ಜಾಗ ಇಲ್ಲ.

ಇದು ದೊಡ್ಡವರಿಗೂ ಆಗಿದೆ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಇಂಟರ್ನೆಟ್ಟಿಗೆ ಬಿಟ್ಟ ‘ವರ್ಮ್’ ಪ್ರೋಗ್ರಾಮು, ಯಂತ್ರದಲ್ಲಿ ತನ್ನದೇ ಪ್ರತಿ ಮೊದಲೇ ಉಂಟಾ ಅಂತ ಕೇಳುತ್ತಿತ್ತು. ಆದರೆ ಏಳರಲ್ಲಿ ಒಂದು ಸಲ, ಉಂಟು ಅಂದರೂ ಬಿಡದೆ ಉಳಿಯುತ್ತಿತ್ತು. ಆ ಒಂದೊಂದೇ ಸೇರಿ ಸಾವಿರಾರು ಕಂಪ್ಯೂಟರುಗಳ ಉಸಿರು ಕಟ್ಟಿತು.

ನಿಮಗೂ ಹೀಗಾದರೆ ಎಂತ ಮಾಡಬೇಕು?

ಮೊದಲು ನೋಡಿ, ಆಮೇಲೆ ಕೈ ಹಾಕಿ. ‘ಪಿಎಸ್’ ಕಮಾಂಡಿನಲ್ಲಿ ಪ್ರತಿ ಪ್ರೋಸೆಸ್ ಶುರುವಾದ ಸಮಯ, ಅದರ ತಾಯಿ ಪ್ರೋಸೆಸ್ಸಿನ ನಂಬರು ಎರಡೂ ಸಿಗುತ್ತವೆ. ಸರಿಯಾಗಿ 5 ನಿಮಿಷದ ಅಂತರ ಇದ್ದರೆ ಕ್ರಾನ್ ಮೇಲೆ ಸಂಶಯಪಡಿ. ಆದರೆ ಒಂದೇ ಹೆಸರು ಹತ್ತು ಕಡೆ ಕಂಡ ಕೂಡಲೇ ಗಾಬರಿ ಬೇಡ. ಅಪಾಚೆ, ಪೋಸ್ಟ್‌ಗ್ರೆಸ್‌ಗಳು ಹಲವು ಪ್ರೋಸೆಸ್ ಇಟ್ಟುಕೊಳ್ಳುವುದು ಸಹಜ. ನೋಡಬೇಕಾದ್ದು, ಲೆಕ್ಕ ಏರುತ್ತಲೇ ಇದೆಯಾ ಅಂತ.

ಆಮೇಲೆ ಕಳಿಸುವವನನ್ನು ನಿಲ್ಲಿಸಿ. ಕ್ರಾನ್ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ. ನಿಮ್ಮ ಲೆಕ್ಕದಲ್ಲೂ ರೂಟ್ ಲೆಕ್ಕದಲ್ಲೂ ಅದೇ ಸಾಲು ಇದೆಯಾ ನೋಡಿ. ನಂತರವೇ ಕೊಲ್ಲಿ. ಸಾದಾ ‘ಕಿಲ್’ ಸಾಕು, ಕೈಯಲ್ಲಿದ್ದ ಕೆಲಸ ಮುಗಿಸಿ ಹೋಗಲು ಅವಕಾಶ ಸಿಗುತ್ತದೆ. ‘ಕಿಲ್ ಮೈನಸ್ 9’ ಕೊನೆಯ ಉಪಾಯ. ಅರ್ಧ ಬರೆದ ಫೈಲು ಹಾಗೇ ಉಳಿದೀತು.

ಕೊನೆಗೆ ಬಾಗಿಲಿಗೆ ಬೀಗ. ನಾವು ಮೊದಲು “ಕೆಲಸ ನಡೆಯುತ್ತಿದೆ” ಅಂತ ಒಂದು ಫೈಲು ಇಟ್ಟು ನೋಡಿದೆವು. ಕರೆಂಟು ಹೋದಾಗ ಆ ಫೈಲು ಉಳಿದುಬಿಟ್ಟು ಮರುದಿನ ಕೆಲಸವೇ ಶುರುವಾಗಲಿಲ್ಲ. ಅದಕ್ಕೆ ‘ಎಫ್‌ಲಾಕ್’ ಒಳ್ಳೆಯದು: ಪ್ರೋಸೆಸ್ ಸತ್ತರೆ ಬೀಗವನ್ನು ಕರ್ನೆಲ್ಲೇ ಬಿಡಿಸುತ್ತದೆ. ಜೊತೆಗೆ ‘ಟೈಮ್‌ಔಟ್’ ಹಾಕಿ. ಇಲ್ಲವಾದರೆ ಒಳಗಿದ್ದದ್ದು ಸಿಕ್ಕಿಹಾಕಿಕೊಂಡಾಗ ಹೊರಗಿದ್ದವರೆಲ್ಲ ಕಾಯುತ್ತಲೇ ಇರಬೇಕು.

ಈ ಎರಡು ಸೇರಿಸಿದ ಮೇಲೆ ಮುನ್ನೂರು ಪುಟವೂ ಒಂದೇ ರಾತ್ರಿ ಮುಗಿಯಿತು. ಯಂತ್ರ ಅದೇ, ಒಂದು ರೂಪಾಯಿ ಖರ್ಚಿಲ್ಲ. ಆದರೆ ಮಕ್ಕಳ ಎರಡು ದಿನ ಹೋಯಿತು. ಅದನ್ನು ವಾಪಸ್ ಕೊಡಲು ನಮ್ಮಿಂದಾಗದು.

ಅದಕ್ಕೇ ಈ ಕ್ರಮವನ್ನು ಕನ್ನಡದಲ್ಲಿ ಬರೆದು ಸರ್ವರ್ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಗೊತ್ತಿರುವವ ಊರಲ್ಲಿಲ್ಲದ ದಿನ ನಿಮ್ಮಲ್ಲಿ ಯಾರಾದರೂ ಬಂದು ಸರಿಮಾಡುವಂತಿರಬೇಕು. ಬನ್ನಿ, ಈಗ ಒಬ್ಬೊಬ್ಬರಾಗಿ ಕೂತು ಮಾಡಿ ನೋಡುವ. ಒಬ್ಬೊಬ್ಬರಾಗಿ, ಆಯ್ತಾ?