ಪಿತ್ತಕೋಶದ ಶಸ್ತ್ರಚಿಕಿತ್ಸೆ: ಗೇಣುದ್ದದ ಗೆರೆಯೋ, ನಾಲ್ಕು ಚುಕ್ಕಿಯೋ?



ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಮನೆಗಳಲ್ಲಿ ಪಿತ್ತಕೋಶದ ಕಲ್ಲಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಒಬ್ಬಿಬ್ಬರಾದರೂ ನಿಮಗೆ ಸಿಗಬಹುದು. 1980ರ ದಶಕದಲ್ಲಿ ಅಜ್ಜಿಗೆ ಆಗಿದ್ದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ಸುಮಾರು ಗೇಣುದ್ದದ ಓರೆ ಗೆರೆ ಇರುತ್ತದೆ. ಈಚೆಗೆ ಅತ್ತೆಗೋ ಚಿಕ್ಕಪ್ಪನಿಗೋ ಆಗಿದ್ದರೆ, ಹೊಕ್ಕುಳ ಬಳಿ ಒಂದು, ಅದರ ಮೇಲೆ ಮೂರು, ಹೀಗೆ ನಾಲ್ಕು ಸಣ್ಣ ಗುರುತುಗಳು. ಹೊರಗಿನ ಗುರುತು ಬೇರೆ. ಒಳಗೆ ನಡೆದ ಕೆಲಸ ಮಾತ್ರ ಎರಡರಲ್ಲೂ ಒಂದೇ. ಇದನ್ನು ಮರೆತೇ ನಾವು ಸಾಮಾನ್ಯವಾಗಿ ಈ ಎರಡು ವಿಧಾನಗಳನ್ನು ಹೋಲಿಸುತ್ತೇವೆ.

ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಅದರ ಕೆಳಗೆ ಅಂಟಿಕೊಂಡಿರುವ ಪುಟ್ಟ ಚೀಲವೇ ಪಿತ್ತಕೋಶ. ಅದು ಹಿಡಿಯುವುದು ಮೂವತ್ತರಿಂದ ಐವತ್ತು ಮಿಲಿಲೀಟರ್ ಮಾತ್ರ. ಜಿಡ್ಡಿನ ಊಟವಾದಾಗ ಅದು ಸಂಕುಚಿಸಿ ರಸವನ್ನು ಕರುಳಿಗೆ ಬಿಡುತ್ತದೆ. ಒಳಗೆ ಕಲ್ಲಿದ್ದು, ಅದು ಬಾಯಿಗೆ ಅಡ್ಡ ಬಂದರೆ ನೋವು. ಕಲ್ಲಿದ್ದೂ ತೊಂದರೆ ಕೊಡದಿದ್ದರೆ, ಸಾಮಾನ್ಯವಾಗಿ ಯಾವ ಶಸ್ತ್ರಚಿಕಿತ್ಸೆಯೂ ಬೇಡ. ಸ್ಕ್ಯಾನಿಂಗ್ ವರದಿ ನೋಡಿ ಗಾಬರಿಯಾಗುವವರಿಗೆ ಈ ಮಾತನ್ನು ನೀವೇ ಹೇಳಬಹುದು.

ಪಿತ್ತಕೋಶವನ್ನು ಮೊದಲ ಬಾರಿಗೆ ಹೊರತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್, 1882ರಲ್ಲಿ. ಮುಂದಿನ ನೂರು ವರ್ಷ ವೈದ್ಯರು ಹೊಟ್ಟೆಯನ್ನು ತೆರೆದೇ ಈ ಕೆಲಸ ಮಾಡಿದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬ ವೈದ್ಯರು ಉದರದರ್ಶಕದ, ಅಂದರೆ ಲ್ಯಾಪ್ರೋಸ್ಕೋಪಿನ, ಸಹಾಯದಿಂದ ಸಣ್ಣ ರಂಧ್ರದ ಮೂಲಕ ಅದನ್ನು ತೆಗೆದರು. ಮರುವರ್ಷ ಅವರು ಇದನ್ನು ತಮ್ಮ ದೇಶದ ಶಸ್ತ್ರವೈದ್ಯರ ಸಭೆಯಲ್ಲಿ ಮಂಡಿಸಿದಾಗ ಸಿಕ್ಕಿದ್ದು ಅಪಹಾಸ್ಯ. ಅದೇ ಸಂಘ 1992ರಲ್ಲಿ ಅವರನ್ನು ಗೌರವಿಸಿತು! ಭಾರತದಲ್ಲಿ ಮೊದಲು ಇದನ್ನು ಮಾಡಿದವರು ಡಾ. ತೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ.

ಕೀಹೋಲ್ ವಿಧಾನದಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಡೇರೆಯ ಹಾಗೆ ಉಬ್ಬಿಸುತ್ತಾರೆ. ಆಮ್ಲಜನಕವನ್ನೇಕೆ ತುಂಬುವುದಿಲ್ಲ? ಒಳಗೆ ವಿದ್ಯುತ್ತಿನಿಂದ ಅಂಗಾಂಶವನ್ನು ಸುಡುವ ಕೆಲಸವಿದೆ, ಬೆಂಕಿಯ ಭಯ. ಇಂಗಾಲದ ಡೈಆಕ್ಸೈಡ್ ಉರಿಯುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಟುಹೋಗುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನ ರೋಗಿ ಭುಜ ನೋಯುತ್ತಿದೆ ಎಂದರೆ ನಗಬೇಡಿ. ಅನಿಲ ಕೆಣಕುವುದು ವಪೆಯನ್ನು. ವಪೆಯ ನರವೂ ಭುಜದ ಚರ್ಮದ ನರವೂ ಕತ್ತಿನ ಬೆನ್ನುಹುರಿಯ ಒಂದೇ ಭಾಗದಿಂದ ಹೊರಡುವುದರಿಂದ ಮಿದುಳು ವಿಳಾಸ ತಪ್ಪುತ್ತದೆ.

ಲಾಭ ಎಲ್ಲಿ? ಗೇಣುದ್ದದ ಗಾಯದಲ್ಲಿ ಹೊಟ್ಟೆಯ ಸ್ನಾಯುಗಳು ಕತ್ತರಿಸುತ್ತವೆ. ಪ್ರತಿ ಉಸಿರಿಗೂ ಆ ಜಾಗ ಅಲುಗಾಡುತ್ತದೆ. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಕಫ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಹೀಗಾಗಿ ತೆರೆದ ವಿಧಾನದಲ್ಲಿ ವಾರದಷ್ಟು ಆಸ್ಪತ್ರೆವಾಸ, ತಿಂಗಳಿಗೂ ಮೀರಿದ ವಿಶ್ರಾಂತಿ ಇದ್ದದ್ದು. ಕೀಹೋಲಿನಲ್ಲಿ ಸಾಮಾನ್ಯವಾಗಿ ಒಂದೆರಡು ದಿನ ಆಸ್ಪತ್ರೆ, ಒಂದೆರಡು ವಾರ ಮನೆ.

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಲೇತ್ ಮೇಲೆ ನಿಲ್ಲುವವರಿಗೆ, ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಿಗೆ ಈ ವಾರಗಳ ಲೆಕ್ಕ ದೊಡ್ಡದು. ರಾಜಾಜಿನಗರದಲ್ಲೇ ದೊಡ್ಡ ಇ.ಎಸ್.ಐ. ಆಸ್ಪತ್ರೆಯಿದೆ. ಆ ಯೋಜನೆಯಲ್ಲಿ ವಿಮೆಯಿರುವವರಿಗೆ ಕಾಯಿಲೆಯ ರಜೆಯಲ್ಲಿ ವೇತನದ ಶೇ. 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ವಿಮೆಯಿಲ್ಲದ ದಿನಗೂಲಿಯವರಿಗೆ ಒಂದು ತಿಂಗಳ ವಿಶ್ರಾಂತಿ ಎಂದರೆ ಒಂದು ತಿಂಗಳ ಸಾಲ.

ಹಾಗಾದರೆ ಕೀಹೋಲೇ ಗೆದ್ದಿತು ಎನ್ನೋಣವೆ? ಸ್ವಲ್ಪ ತಾಳಿ. ಇಂಗ್ಲೆಂಡಿನ ಶೆಫೀಲ್ಡ್ ನಗರದ ವೈದ್ಯರು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. 200 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಕೀಹೋಲ್. ಇನ್ನೊಂದಕ್ಕೆ ತೆರೆದ ವಿಧಾನವೇ, ಆದರೆ ಗೇಣುದ್ದ ಸೀಳದೆ, ಕೆಲವೇ ಸೆಂಟಿಮೀಟರಿನ ಗಾಯದಿಂದ. ಜಾಣತನ ಇರುವುದು ಮುಂದೆ: ಎಲ್ಲರ ಹೊಟ್ಟೆಗೂ ಒಂದೇ ತೆರನಾದ ಪಟ್ಟಿ ಅಂಟಿಸಿದರು. ಯಾರಿಗೆ ಯಾವುದಾಯಿತೆಂದು ರೋಗಿಗೂ ತಿಳಿಯದು, ಆರೈಕೆ ಮಾಡುವ ದಾದಿಗೂ ತಿಳಿಯದು. ‘ನನಗೆ ಹೊಸ ವಿಧಾನ, ನಾಳೆಯೇ ಮನೆಗೆ’ ಎಂಬ ಉತ್ಸಾಹಕ್ಕೆ ಎಡೆಯೇ ಇಲ್ಲ. ಫಲಿತಾಂಶ? ಆಸ್ಪತ್ರೆಯ ವಾಸ ಎರಡು ಗುಂಪಿನಲ್ಲೂ ಒಂದೇ. ಕೀಹೋಲಿಗೆ ಹಿಡಿದ ಸಮಯ ಸುಮಾರು 65 ನಿಮಿಷ, ಸಣ್ಣ ಗಾಯದ ವಿಧಾನಕ್ಕೆ ಸುಮಾರು 40. ಅನಂತರ ಇಂಥ ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದಾಗಲೂ ಇವೆರಡರ ನಡುವೆ ತೊಡಕುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಳೆಯ ಗೇಣುದ್ದದ ಗಾಯಕ್ಕೆ ಹೋಲಿಸಿದರೆ ಮಾತ್ರ ಎರಡೂ ಮೇಲು. ನಾವು ಯಾವುದರ ಪಕ್ಕದಲ್ಲಿ ಇಟ್ಟು ನೋಡುತ್ತೇವೆಯೋ ಅದರ ಮೇಲೆ ಉತ್ತರ ಬದಲಾಯಿತು, ನೋಡಿ.

ಇನ್ನು ಅಪಾಯದ ಮಾತು. ಪಿತ್ತಕೋಶದ ಸಣ್ಣ ನಾಳವನ್ನು ಕತ್ತರಿಸಬೇಕು. ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳವನ್ನು ಮುಟ್ಟಲೇಬಾರದು. ಅದು ತುಂಡಾದರೆ ರೋಗಿಗೆ ವರ್ಷಗಳ ಸಂಕಟ. ತೆರೆದ ವಿಧಾನದಲ್ಲಿ ಈ ಅವಘಡ ಸಾವಿರಕ್ಕೆ ಒಂದೆರಡು. ಕೀಹೋಲ್ ಹರಡಿದ ಮೊದಲ ವರ್ಷಗಳಲ್ಲಿ ಅದು ನಾಲ್ಕೈದಕ್ಕೆ ಏರಿತು. ಪರದೆಯ ಮೇಲೆ ಆಳ ಕಾಣುವುದಿಲ್ಲ, ಬೆರಳಿಗೆ ಸ್ಪರ್ಶವಿಲ್ಲ. ಚೀಲವನ್ನು ಎಳೆದು ಹಿಡಿದಾಗ ಮುಖ್ಯ ನಾಳವೇ ನೆಟ್ಟಗಾಗಿ ಸಣ್ಣ ನಾಳದ ಹಾಗೆ ತೋರಿ ಮೋಸ ಮಾಡುತ್ತದೆ. ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಒಂದು ನಿಯಮ ಕೊಟ್ಟರು: ಸುತ್ತಲಿನ ಕೊಬ್ಬನ್ನು ಬಿಡಿಸಿ, ಚೀಲದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಚೀಲಕ್ಕೆ ಸೇರುವುದು ಎರಡೇ ಎಳೆ, ಒಂದು ನಾಳ ಒಂದು ರಕ್ತನಾಳ, ಎಂದು ಕಣ್ಣಾರೆ ಕಂಡ ಮೇಲೆಯೇ ಕತ್ತರಿ ಹಾಕಬೇಕು.

ಹಾಗೆ ಕಾಣದಿದ್ದರೆ? ಉರಿಯೂತದಿಂದ ಎಲ್ಲವೂ ಅಂಟಿಕೊಂಡಿದ್ದರೆ, ರಕ್ತ ನಿಲ್ಲದಿದ್ದರೆ, ವೈದ್ಯರು ನಡುವೆಯೇ ಹೊಟ್ಟೆಯನ್ನು ತೆರೆಯಬೇಕಾಗಬಹುದು. ಹೊರಗೆ ಕುಳಿತ ಬಂಧುಗಳು ಆಗ ‘ಆಪರೇಷನ್ ಕೆಟ್ಟಿತು’ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕೆಟ್ಟದ್ದಲ್ಲ, ಕೆಡದಂತೆ ತಡೆದದ್ದು. ಕೀಹೋಲಿನಲ್ಲೇ ಪಳಗಿದ ಇಂದಿನ ಕಿರಿಯ ವೈದ್ಯರಿಗೆ ತೆರೆದ ವಿಧಾನದ ಅಭ್ಯಾಸ ಕಡಿಮೆಯಾಗುತ್ತಿರುವುದೇ ನಿಜವಾದ ಚಿಂತೆ. ಒಪ್ಪಿಗೆ ಪತ್ರದಲ್ಲಿ ‘ಅಗತ್ಯವಾದರೆ ತೆರೆದ ಶಸ್ತ್ರಚಿಕಿತ್ಸೆ’ ಎಂಬ ಸಾಲು ಇದಕ್ಕಾಗಿಯೇ ಇರುವುದು. ಮನೆಯಲ್ಲಿ ಓದು ಬಲ್ಲವರು ನೀವೇ ಆಗಿದ್ದರೆ, ಸಹಿಗೆ ಮುಂಚೆ ಆ ಸಾಲನ್ನು ಹಿರಿಯರಿಗೆ ಓದಿ ಹೇಳಿ.