ಬದಲಾವಣೆ ತರುವವರು, ಬದಲಾವಣೆಗೆ ಸಿಕ್ಕವರು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹದಿನೈದು ದಿನದ ಹಿಂದೆ ನಮ್ಮ ಮೇಷ್ಟ್ರು ಫೋನ್ ಮಾಡಿ, "ನೀನು ದೊಡ್ಡ ಕಂಪನಿಯಲ್ಲಿ ಇದ್ದೀಯಪ್ಪ, ನಾಯಕತ್ವದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದರು. ನಾನು ಅಂಥ ದೊಡ್ಡ ನಾಯಕನೇನಲ್ಲ. ಸಾವಿರಾರು ಜನ ಕೆಲಸ ಮಾಡುವ ಜಾಗದಲ್ಲಿ ಮೂವತ್ತು ಜನರ ಒಂದು ತಂಡ ನೋಡಿಕೊಳ್ಳುತ್ತೇನೆ, ಅಷ್ಟೆ. ಆದರೆ ಮೇಷ್ಟ್ರು ಹೇಳಿದ್ದಕ್ಕೆ ಇಲ್ಲ ಅನ್ನುವ ಅಭ್ಯಾಸ ಈ ಶಾಲೆಯಲ್ಲಿ ಓದಿದವರಿಗೆ ಇಲ್ಲ. ಅದಕ್ಕೆ ಬಂದಿದ್ದೇನೆ.

ನಾನು ಮಾತಾಡಬೇಕೆಂದಿರುವುದು ದೊಡ್ಡ ಸಂಸ್ಥೆಗಳಲ್ಲಿ ಬದಲಾವಣೆ ಹೇಗೆ ಆಗುತ್ತದೆ, ಅದನ್ನು ನಡೆಸುವವರು ಏನನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಎಂಬುದರ ಬಗ್ಗೆ. ಇದು ಬೆಂಗಳೂರಿನ ಗಾಜಿನ ಕಟ್ಟಡದ ವಿಷಯ, ನಮಗೇಕೆ ಎನ್ನಬೇಡಿ. ಕಳೆದ ಇಪ್ಪತ್ತೈದು ವರ್ಷದಲ್ಲಿ ತಿರುಮಣಿ ಕಂಡಷ್ಟು ಬದಲಾವಣೆಯನ್ನು ನಾನು ಕೆಲಸ ಮಾಡುವ ಕಂಪನಿ ಕಂಡಿಲ್ಲ. ಅದರಲ್ಲಿ ಎರಡನ್ನು ಹೇಳುತ್ತೇನೆ. ಮೂರನೆಯದು ನನ್ನದೇ ತಪ್ಪಿನ ಕಥೆ.

ಮೊದಲನೆಯದು ಪಹಣಿ. ನಾನು ಚಿಕ್ಕವನಾಗಿದ್ದಾಗ ಅಪ್ಪನಿಗೆ ಬೆಳೆಸಾಲಕ್ಕೆ ಪಹಣಿ ಬೇಕಾದರೆ ಗ್ರಾಮಲೆಕ್ಕಿಗರನ್ನು ಹುಡುಕಬೇಕಿತ್ತು. ಅವರಿಗೆ ಮೂರು ನಾಲ್ಕು ಹಳ್ಳಿ. ಇವತ್ತು ಈ ಊರು, ನಾಳೆ ಆ ಊರು. ಅವರು ಸಿಕ್ಕಿದ ದಿನ ಪುಸ್ತಕ ಇರಬೇಕು, ಪುಸ್ತಕ ಇದ್ದ ದಿನ ಬಿಡುವಿರಬೇಕು. ರಾಜ್ಯದಲ್ಲಿ ಆಗ ಸುಮಾರು 9000 ಗ್ರಾಮಲೆಕ್ಕಿಗರು ಈ ದಾಖಲೆಗಳನ್ನೆಲ್ಲ ಕೈಬರಹದಲ್ಲಿ ಇಟ್ಟಿದ್ದರು. ಆ ಪುಸ್ತಕದಲ್ಲಿ ಏನಿದೆ ಎಂದು ಬೇರೆ ಯಾರಿಗೂ ಸುಲಭವಾಗಿ ಗೊತ್ತಾಗುತ್ತಿರಲಿಲ್ಲ.

ಆಮೇಲೆ 'ಭೂಮಿ' ಯೋಜನೆ ಬಂತು. ಕಂದಾಯ ಇಲಾಖೆಯಲ್ಲಿ ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ದಾಖಲೆಗಳು ಕಂಪ್ಯೂಟರಿಗೆ ಹೋದವು. 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ ಭೂಮಿ ಕೇಂದ್ರಗಳು ಬಂದಿದ್ದವು. ಅಪ್ಪನ ಜೊತೆ ಪಾವಗಡಕ್ಕೆ ಬಸ್ಸಿನಲ್ಲಿ ಹೋಗಿ, ಸಾಲಿನಲ್ಲಿ ನಿಂತು, 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಜೀವನದಲ್ಲಿ ಮೊದಲ ಸಲ ಕಂಪ್ಯೂಟರ್ ನೋಡಿದ್ದು ಅಲ್ಲೇ. ಕಂಪ್ಯೂಟರ್ ಓದಬೇಕು ಎಂದು ಮನಸ್ಸಿಗೆ ಬಂದದ್ದೂ ಆ ಸಾಲಿನಲ್ಲೇ ಎಂದರೆ ತಪ್ಪಾಗಲಾರದು.

ಇಂಜಿನಿಯರ್ ಆದ ಮೇಲೆ ಆ ಯೋಜನೆಯ ಬಗ್ಗೆ ಓದಿದೆ. ಕಂಪ್ಯೂಟರ್ ಕೊಂಡದ್ದು ಅಂಥ ದೊಡ್ಡ ವಿಷಯವಲ್ಲ. ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ಅದಕ್ಕೂ ಮುಂಚೆ ನಡೆದು ಅಲ್ಲಲ್ಲೇ ನಿಂತಿತ್ತು. ಈ ಸಲ ಮೂರು ಕೆಲಸ ಮಾಡಿದರು. ಒಂದು, ಕಂಪ್ಯೂಟರಿಗೆ ಹಾಕಿದ್ದನ್ನು ಅಚ್ಚು ತೆಗೆದು ಅದೇ ಗ್ರಾಮಲೆಕ್ಕಿಗರ ಕೈಗೆ ಕೊಟ್ಟು, ತಪ್ಪು ಗುರುತಿಸಿ ಸರಿ ಮಾಡಿಸಿದರು. ಯಾರ ಹಿಡಿತ ಸಡಿಲವಾಗುತ್ತಿತ್ತೋ ಅವರ ತಿಳಿವಳಿಕೆ ಇಲ್ಲದೆ ದಾಖಲೆ ಸರಿಯಾಗುತ್ತಿರಲಿಲ್ಲ. ಎರಡು, ಒಂದು ತಾಲ್ಲೂಕಿನಲ್ಲಿ ಕೇಂದ್ರ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸಾರಿದರು. ಹಳೆಯದೂ ಇರಲಿ, ಹೊಸದೂ ಇರಲಿ ಎಂದು ಬಿಟ್ಟಿದ್ದರೆ ಹೊಸದು ಧೂಳು ಹಿಡಿಯುತ್ತಿತ್ತು. ಮೂರು, ಯಾರು ಏನು ತಿದ್ದಿದರು ಎಂಬುದಕ್ಕೆ ಬೆರಳಚ್ಚಿನ ಗುರುತು ಇಟ್ಟರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ನೋಡಬೇಕು ಎಂದು ಮಾಡಿದರು.

ಇದರಲ್ಲಿ ಕೊರತೆಯೂ ಇತ್ತು. ಪುಸ್ತಕದಲ್ಲಿ ತಪ್ಪಿದ್ದದ್ದು ಕಂಪ್ಯೂಟರಿನಲ್ಲೂ ತಪ್ಪಾಗಿಯೇ ಬಂತು. ಸತ್ತುಹೋದ ತಾತನ ಹೆಸರು ಪುಸ್ತಕದಲ್ಲಿದ್ದರೆ ಅಚ್ಚಿನಲ್ಲೂ ತಾತನೇ. ಊರಲ್ಲಿ ಸಿಗುತ್ತಿದ್ದ ಕಾಗದಕ್ಕೆ ಒಂದು ದಿನದ ಕೂಲಿ ಬಿಟ್ಟು ಪಾವಗಡಕ್ಕೆ ಹೋಗಬೇಕಾಯಿತು. ಓದು ಬಾರದವರು ಬೇರೆಯವರ ಕೈಯಲ್ಲಿ ಓದಿಸಿಕೊಳ್ಳುವುದು ಮುಂಚಿನಂತೆಯೇ ಉಳಿಯಿತು. ಬದಲಾವಣೆ ಒಳ್ಳೆಯದೇ ಆದರೂ ಅದರ ಖರ್ಚನ್ನು ಎಲ್ಲರೂ ಸಮನಾಗಿ ಕೊಡುವುದಿಲ್ಲ. ಈ ಮಾತನ್ನು ಮರೆಯಬೇಡಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಎರಡನೆಯದು ನಿಮ್ಮೆಲ್ಲರಿಗೂ ಗೊತ್ತಿರುವುದು, ನಮ್ಮ ಸೋಲಾರ್ ಪಾರ್ಕ್. 2015ರಲ್ಲಿ ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ ಇದಕ್ಕೆಂದೇ ಒಂದು ನಿಗಮ ಮಾಡಿದವು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಐದು ಊರುಗಳ ಸುಮಾರು 13,000 ಎಕರೆ. 2018ರ ಮಾರ್ಚ್ 1ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. 2019ರ ಡಿಸೆಂಬರ್ ಹೊತ್ತಿಗೆ 2050 ಮೆಗಾವ್ಯಾಟ್ ಪೂರ್ತಿಯಾಯಿತು. ಕಡ್ಲೆಕಾಯಿ ಹಾಕಿ ಮುಗಿಲು ನೋಡುತ್ತಿದ್ದ ಹೊಲಗಳು ಈಗ ಸೂರ್ಯನನ್ನು ನೋಡುತ್ತಿವೆ.

ಇಲ್ಲಿ ಮುನ್ನಡೆಸಿದವರು ತೆಗೆದುಕೊಂಡ ಒಂದು ತೀರ್ಮಾನ ದೊಡ್ಡದು. ಜಮೀನನ್ನು ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಪಹಣಿಯಲ್ಲಿ ರೈತನ ಹೆಸರು ರೈತನದ್ದೇ. ಭೂಮಿ ಕೊಡು ಎಂದಿದ್ದರೆ ನಮ್ಮ ಹಿರಿಯರು ಒಪ್ಪುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ಬದಲಾವಣೆಗೆ ಒಪ್ಪಿಗೆ ಬೇಕಾದರೆ, ಜನ ಯಾವುದನ್ನು ಕಳೆದುಕೊಳ್ಳಲು ಹೆದರುತ್ತಾರೋ ಅದನ್ನು ಅವರ ಹತ್ತಿರವೇ ಬಿಡಬೇಕು. ಇಲ್ಲಿ ಅದು ಹೆಸರು.

ನಮ್ಮ ಮನೆಯದು ಮೂರು ಎಕರೆ. ಮೊದಲ ವರ್ಷದ ಲೆಕ್ಕಕ್ಕೆ 63,000 ರೂಪಾಯಿ. ಆದರೆ ಪಹಣಿ ತಾತನ ಹೆಸರಿನಲ್ಲಿತ್ತು. ಅಪ್ಪ, ಚಿಕ್ಕಪ್ಪ ಪೌತಿ ಖಾತೆ ಮಾಡಿಸಿಕೊಳ್ಳಲು ಎಷ್ಟು ಸಲ ಓಡಾಡಿದರು ಎಂದು ನನಗೆ ಗೊತ್ತು. ಸಮಯಕ್ಕೆ ಸರಿಯಾಗಿ ಮಾಡದ ಒಂದು ಸಣ್ಣ ಕೆಲಸ ಮುಂದಿನ ದೊಡ್ಡ ಬದಲಾವಣೆಗೆ ಹೇಗೆ ಅಡ್ಡ ನಿಲ್ಲುತ್ತದೆ ನೋಡಿ.

ಮಕ್ಕಳೇ, ನಿಮಗೆ ಒಂದು ಲೆಕ್ಕ. 21,000ಕ್ಕೆ ಎರಡು ವರ್ಷಕ್ಕೊಮ್ಮೆ ಶೇಕಡ 5, ಏರಿಕೆಯ ಮೇಲೆ ಏರಿಕೆ ಸೇರಿಸುತ್ತಾ ಹೋಗಿ. ಇಪ್ಪತ್ತೇಳನೇ ವರ್ಷಕ್ಕೆ ಹತ್ತಿರ ಹತ್ತಿರ 39,600 ಆಗುತ್ತದೆ. ಬೆಲೆ ಏರಿಕೆ ವರ್ಷಕ್ಕೆ ಶೇಕಡ 4ರ ಸುತ್ತ ಇರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಗುರಿ. ಆ ಗುರಿಯಷ್ಟೇ ಏರಿದರೂ ಮೊದಲ ವರ್ಷದ 21,000ದಲ್ಲಿ ಬರುತ್ತಿದ್ದ ಸಾಮಾನಿಗೆ ಇಪ್ಪತ್ತೇಳನೇ ವರ್ಷದಲ್ಲಿ ಸುಮಾರು 58,000 ಬೇಕು. ಚಕ್ರಬಡ್ಡಿಯ ಪಾಠ ಪರೀಕ್ಷೆಗೆ ಮಾತ್ರ ಅಲ್ಲ, ಒಪ್ಪಂದಕ್ಕೆ ಸಹಿ ಹಾಕುವುದಕ್ಕೂ ಬೇಕು.

ಇನ್ನೊಂದು ಮಾತು. ಬಾಡಿಗೆ ಬಂದದ್ದು ಜಮೀನು ಇದ್ದವರಿಗೆ. ನಮ್ಮಮ್ಮ ನಮ್ಮ ಹೊಲದ ಕೆಲಸ ಮುಗಿದ ಮೇಲೆ ಬೇರೆಯವರ ಹೊಲಕ್ಕೂ ಕಳೆ ತೆಗೆಯಲು, ಕಡ್ಲೆಕಾಯಿ ಕೀಳಲು ಹೋಗುತ್ತಿದ್ದರು. ಅಮ್ಮನ ಗುಂಪಿನಲ್ಲಿ ಹನ್ನೊಂದು ಹೆಂಗಸರು. ಅವರಲ್ಲಿ ಏಳು ಜನಕ್ಕೆ ತುಂಡು ಭೂಮಿಯೂ ಇಲ್ಲ. ಹೊಲಗಳು ಬೇಲಿಯೊಳಗೆ ಹೋದ ಮೇಲೆ ಅವರ ಕೂಲಿಯೂ ಬೇಲಿಯೊಳಗೆ ಹೋಯಿತು. ಕೆಲವರ ಮಕ್ಕಳಿಗೆ ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು ಇಂಥ ಕೆಲಸ ಸಿಕ್ಕಿತು. ಕೆಲವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದರು. ಕುರಿ ಇದ್ದವರಿಗೆ ಮೇವಿನ ದಾರಿ ದೂರವಾಯಿತು. ಯಾರ ಹೆಸರು ಪಹಣಿಯಲ್ಲಿ ಇರಲಿಲ್ಲವೋ ಅವರಿಗೆ ಏನಾಗುತ್ತದೆ ಎಂದು ಕೇಳಲು ಪಹಣಿ ಸಾಲುವುದಿಲ್ಲ.

ಇದನ್ನು ಪಾರ್ಕ್ ಬೇಡವಾಗಿತ್ತು ಎಂದು ಹೇಳುತ್ತಿಲ್ಲ. ಆ ಬಾಡಿಗೆಯಿಂದ ನಮ್ಮ ಮನೆಯ ಸಾಲ ತೀರಿದೆ, ತಂಗಿ ಓದಿದ್ದಾಳೆ. ಆದರೆ ಈ ಊರಿನಲ್ಲಿ ಹುಟ್ಟಿದವನಾಗಿ ಇದನ್ನು ನೋಡಿಯೂ ಕಂಪನಿಯಲ್ಲಿ ನಾನೇ ಅದೇ ತಪ್ಪು ಮಾಡಿದೆ. ಅದೇ ಮೂರನೆಯ ಕಥೆ.

ಕೆಲವು ವರ್ಷದ ಹಿಂದೆ ನನ್ನನ್ನು ಒಂದು ತಂಡಕ್ಕೆ ಲೀಡ್ ಮಾಡಿದರು. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ತೆಗೆದು ಹೊಸದು ತರುವ ಕೆಲಸ. ಹಳೆಯದನ್ನು ಹದಿನೆಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯರಿದ್ದರು, ಅವರ ಕೈಕೆಳಗೆ ಐದು ಜನ. ಸಭೆಗೆ ಕರೆದರೆ "ಇದಾಗಲ್ಲ, ಅದಾಗಲ್ಲ" ಅನ್ನುತ್ತಾರೆ ಎಂದು ನಾನು ಅವರನ್ನು ಕರೆಯುವುದನ್ನೇ ಬಿಟ್ಟೆ. ಬದಲಾವಣೆಗೆ ಅಡ್ಡಗಾಲು ಎಂದು ನನ್ನ ಮೇಲಿನವರಿಗೂ ಹೇಳಿದೆ. ಒಂದು ಶನಿವಾರ ರಾತ್ರಿ ಹೊಸದಕ್ಕೆ ಬದಲಾಯಿಸಿದೆವು. ಸೋಮವಾರ ಬೆಳಿಗ್ಗೆ ನೂರಾರು ಬಿಲ್ಲು ತಪ್ಪಾಗಿ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಹಳೆಯದಕ್ಕೇ ವಾಪಸ್ ಬಂದೆವು.

ಸಂಜೆ ಅವರ ಮೇಜಿನ ಹತ್ತಿರ ಹೋದೆ. ಅವರು ಬೈಯಲಿಲ್ಲ. ಡ್ರಾಯರ್ ಎಳೆದು ಒಂದು ನೋಟ್‌ಬುಕ್ ಕೊಟ್ಟರು. ಯಾವ ಗ್ರಾಹಕರಿಗೆ ಯಾವ ವಿಶೇಷ ನಿಯಮ, ತಿಂಗಳ ಕೊನೆಯಲ್ಲಿ ಕೈಯಲ್ಲಿ ಏನೇನು ಸರಿ ಮಾಡಬೇಕು ಎಂದು 34 ಅಂಶ ಬರೆದಿಟ್ಟಿದ್ದರು. ನಮ್ಮ ಯಾವ ಫೈಲಿನಲ್ಲೂ ಅವು ಇರಲಿಲ್ಲ. ಆಮೇಲೆ ಕೇಳಿದರು: "ಇದನ್ನು ಕೊಟ್ಟ ಮೇಲೆ ನಾನು ಏನು ಮಾಡಲಿ, ಸಾರ್? ನನ್ನ ಹುಡುಗರು ಏನು ಮಾಡಲಿ?" ನನಗಿಂತ ಹದಿನೈದು ವರ್ಷ ದೊಡ್ಡವರು ನನ್ನನ್ನು ಸಾರ್ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಟು ತಿಂಗಳ ಯೋಜನೆಯಲ್ಲಿ ಆ ಪ್ರಶ್ನೆಯನ್ನು ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ನಾಲ್ಕು ತಿಂಗಳು ಮುಂದಕ್ಕೆ ಹಾಕಿದೆವು. ಆ ನೋಟ್‌ಬುಕ್ಕಿನ ಒಂದೊಂದು ಅಂಶವನ್ನೂ ಪರೀಕ್ಷೆ ಮಾಡಿ ನೋಡಿದೆವು. ಎರಡು ತಿಂಗಳು ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸಿ ತಾಳೆ ಹಾಕಿದೆವು. ಮುಗಿಯುವ ದಿನಾಂಕವನ್ನು ಮೊದಲೇ ಗೊತ್ತು ಮಾಡಿದ್ದೆವು. ಕೆಲಸ ಆಯಿತು. ಆ ಹಿರಿಯರು ಹೊಸದರ ಪರೀಕ್ಷಾ ತಂಡದ ಮುಖ್ಯಸ್ಥರಾದರು, ಮೂರು ಜನ ಅವರ ಜೊತೆ ಬಂದರು. ಇಬ್ಬರಿಗೆ ಜಾಗ ಸಿಗಲಿಲ್ಲ. ಅವರ ಹೆಸರಿದ್ದ ಪಟ್ಟಿಗೆ ಸಹಿ ಹಾಕಿದವನು ನಾನು. ಮೊದಲ ತಿಂಗಳಲ್ಲೇ ಆ ಪ್ರಶ್ನೆ ಕೇಳಿದ್ದರೆ ಹೊಸ ಕೆಲಸ ಕಲಿಯಲು ಅವರಿಗೆ ಒಂದು ವರ್ಷ ಸಿಗುತ್ತಿತ್ತು. ಆ ದಿನ ಮನೆಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಅವರ ಗುಂಪಿನ ಹೆಂಗಸರು ಈಗ ಎಲ್ಲೆಲ್ಲಿದ್ದಾರೆ ಎಂದು ನಾನು ಮೊದಲ ಸಲ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ್ದು ಅವತ್ತೇ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಜಾನ್ ಕಾಟರ್ 1996ರಲ್ಲಿ 'ಲೀಡಿಂಗ್ ಚೇಂಜ್' ಎಂಬ ಪುಸ್ತಕ ಬರೆದರು. ಬದಲಾವಣೆಗೆ ಎಂಟು ಹೆಜ್ಜೆ ಎಂದರು: ತುರ್ತು ಮನವರಿಕೆ ಮಾಡಿ, ಜೊತೆಗಾರರ ತಂಡ ಕಟ್ಟಿ, ಬೇಗ ಕೈಗೆ ಸಿಗುವ ಸಣ್ಣ ಗೆಲುವು ತೋರಿಸಿ, ಹೀಗೆ. ಒಳ್ಳೆಯ ಪುಸ್ತಕ. ನಾನು ಅದನ್ನು ಓದಿದ್ದೆ, ಆದರೂ ತಪ್ಪು ಮಾಡಿದೆ. ಅದಕ್ಕೆ ನನ್ನ ಅನುಭವದಿಂದ ಬಂದ ನಾಲ್ಕು ಮಾತು ಹೇಳುತ್ತೇನೆ.

ಒಂದು, ಬದಲಾವಣೆ ಏಕೆ ಎಂದು ಮೊದಲು ಹೇಳಿ, ಹೇಗೆ ಎಂಬುದು ಆಮೇಲೆ. ಎರಡು, ಬೇಡ ಅನ್ನುವವರ ಹತ್ತಿರ ಮೊದಲು ಹೋಗಿ. ಬಹಳ ಸಲ ಅವರಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ. ಮೂರು, ಹಳೆಯದನ್ನು ನಿಲ್ಲಿಸುವ ದಿನ ಗೊತ್ತು ಮಾಡಿ, ಆದರೆ ತಾಳೆ ನೋಡದೆ ನಿಲ್ಲಿಸಬೇಡಿ. ನಾಲ್ಕು, ಇದರಿಂದ ಯಾರು ಕೆಲಸ ಕಳೆದುಕೊಳ್ಳುತ್ತಾರೆ ಎಂಬ ಪಟ್ಟಿಯನ್ನು ಕೊನೆಯ ದಿನ ಮಾಡಬೇಡಿ, ಮೊದಲ ದಿನ ಮಾಡಿ.

ನಾಲ್ಕನೆಯ ಮಾತು ಭಾಷಣದಲ್ಲೇ ಉಳಿಯಬಾರದು ಎಂದು ನಮ್ಮ ಬ್ಯಾಚಿನವರು ಒಂದು ತೀರ್ಮಾನ ಮಾಡಿದ್ದೇವೆ. ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸುವ, ಜಮೀನಿಲ್ಲದ ಮನೆಯ ಮಕ್ಕಳಲ್ಲಿ ಐ.ಟಿ.ಐ. ಅಥವಾ ಡಿಪ್ಲೊಮಾದಲ್ಲಿ ಎಲೆಕ್ಟ್ರಿಕಲ್ ಓದಲು ಇಷ್ಟಪಡುವ ಪ್ರತಿ ವರ್ಷ ಇಬ್ಬರ ಶುಲ್ಕ ಮತ್ತು ಬಸ್ ಪಾಸ್ ನಾವು ಕಟ್ಟುತ್ತೇವೆ. ಒಬ್ಬರಾದರೂ ಹುಡುಗಿ ಇರಬೇಕು. ಆಯ್ಕೆ ಮೇಷ್ಟ್ರುಗಳದ್ದು. ಬೇಲಿಯ ಒಳಗೆ ಹುಲ್ಲು ಕತ್ತರಿಸುವವರ ಮಕ್ಕಳು ಅದೇ ಬೇಲಿಯ ಒಳಗೆ ತಂತ್ರಜ್ಞರಾಗಿ ಹೋಗಲಿ ಎಂಬ ಆಸೆ. ಇದು ಸಣ್ಣ ಕೆಲಸ. ಬೇರೆ ಬ್ಯಾಚಿನವರು ಸೇರಿದರೆ ಇಬ್ಬರು ನಾಲ್ವರಾಗುತ್ತಾರೆ. ಊಟದ ಪಂಕ್ತಿಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ, ದಯವಿಟ್ಟು ಹೆಸರು ಬರೆದು ಹೋಗಿ.

ಮನೆಯಲ್ಲಿ ತೆಲುಗು ಮಾತಾಡಿಕೊಂಡು ಬಂದ ಹುಡುಗನಿಗೆ ಕನ್ನಡದಲ್ಲಿ ಯೋಚಿಸುವುದನ್ನು ಕಲಿಸಿದ ಶಾಲೆ ಇದು. ತುಮಕೂರಿಗೆ ಬಿ.ಇ. ಓದಲು ಹೋಗಿ ಇಂಗ್ಲಿಷ್ ಅರ್ಥವಾಗದೆ ಮೊದಲ ಸೆಮಿಸ್ಟರಿನಲ್ಲಿ ಅತ್ತಾಗ, "ಒಂದು ಭಾಷೆ ಕಲಿತವನಿಗೆ ಇನ್ನೊಂದು ಕಷ್ಟ ಅಲ್ಲ, ನೀನು ಆಗಲೇ ಎರಡು ಕಲಿತಿದ್ದೀಯ" ಎಂದು ಫೋನಿನಲ್ಲಿ ಧೈರ್ಯ ಹೇಳಿದವರು ಇಲ್ಲಿಯ ಮೇಷ್ಟ್ರು. ಅವರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ನಿಮಗೂ ಈ ಶಾಲೆಗೂ ನನ್ನ ನಮಸ್ಕಾರ.